ಚಲನ್‌ನಲ್ಲಿ ಹೆಸರು ಬರೆಸಿಕೊಳ್ಳುತ್ತಾರೆ, ದುಡ್ಡು ಹೋಗುವುದು ನಂಬರ್ ನೋಡಿ

ಮಂಡ್ಯದ ಯಾವುದಾದರೂ ಬ್ಯಾಂಕ್ ಶಾಖೆಗೆ ಹೋಗಿ ಇನ್ನೊಂದು ಬ್ಯಾಂಕಿನ ಅಕೌಂಟಿಗೆ ದುಡ್ಡು ಕಳಿಸುವ ನೆಫ್ಟ್ ಅಥವಾ ಆರ್‌ಟಿಜಿಎಸ್ ಚಲನ್ ಒಂದನ್ನು ತಗೊಂಡು ನೋಡಿ. ದುಡ್ಡು ಯಾರಿಗೆ ಸೇರಬೇಕೋ ಅವರ ಹೆಸರು, ಅಕೌಂಟ್ ನಂಬರ್, ಬ್ಯಾಂಕು, ಶಾಖೆ, ಐಎಫ್‌ಎಸ್‌ಸಿ ಕೋಡ್, ಮೊತ್ತ, ಎಲ್ಲಕ್ಕೂ ಜಾಗ ಬಿಟ್ಟಿರುತ್ತಾರೆ. ಜನ ಹೆಸರನ್ನು ಬಹಳ ಜೋಪಾನವಾಗಿ ಬರೆಯುತ್ತಾರೆ. ಇನಿಷಿಯಲ್ ತಪ್ಪಬಾರದು ಅಂತ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ. ಅಕೌಂಟ್ ನಂಬರನ್ನು ಮಾತ್ರ ವಾಟ್ಸಾಪ್ ನೋಡಿಕೊಂಡು ಸರಸರ ಇಳಿಸಿಬಿಡುತ್ತಾರೆ. ಆದರೆ ದುಡ್ಡು ಹೋಗಿ ಬೀಳುವುದು ಆ ನಂಬರಿಗೆ. ಹೆಸರು ಬೇರೆ ಇದ್ದರೂ ಬೀಳುತ್ತದೆ.

ಇದು ಬ್ಯಾಂಕಿನವರ ಉದಾಸೀನ ಅಲ್ಲ, ಬರೆದಿಟ್ಟ ನಿಯಮ. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಬರುವ ದುಡ್ಡನ್ನು ಅಕೌಂಟ್ ನಂಬರ್ ಒಂದನ್ನೇ ನೋಡಿ ಜಮಾ ಮಾಡಬಹುದು, ಸರಿಯಾದ ನಂಬರ್ ಕೊಡುವ ಹೊಣೆ ಕಳಿಸುವವರದ್ದು ಅಂತ ಅದರಲ್ಲಿದೆ. ಇಷ್ಟು ವರ್ಷವಾದರೂ ಈ ಮಾತು ಜನಕ್ಕೆ ಸರಿಯಾಗಿ ತಲುಪಿಲ್ಲ. ತಲುಪದೆ ಇರೋದಕ್ಕೆ ಕಾರಣವೂ ಇದೆ. ನಮ್ಮ ಅಪ್ಪ, ಅಜ್ಜಂದಿರು ಬ್ಯಾಂಕಿನ ವ್ಯವಹಾರ ಕಲಿತದ್ದು ಚೆಕ್ಕಿನಿಂದ, ಡಿಡಿಯಿಂದ. ಡಿಡಿ ಮೇಲೆ ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದರೆ ಕಾಲೇಜಿನವರು ವಾಪಸ್ ಕಳಿಸುತ್ತಿದ್ದರು. ಮನಿಯಾರ್ಡರ್ ಬಂದರೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲಿ ನಿಂತು, ಮುಖ ನೋಡಿ, ಸಹಿ ಹಾಕಿಸಿಕೊಂಡು ಎಣಿಸಿ ಕೊಡುತ್ತಿದ್ದ. ಅಲ್ಲೆಲ್ಲ ಹೆಸರೇ ಆಧಾರ. ಆ ಅಭ್ಯಾಸ ಇಟ್ಟುಕೊಂಡೇ ನಾವು ಇಲ್ಲಿಗೂ ಬಂದಿದ್ದೇವೆ.

ಈಗ ಈ ದಾರಿಯಲ್ಲಿ ಓಡಾಡುವ ದುಡ್ಡು ಸಣ್ಣದಲ್ಲ. ಮೈಸೂರಿನಲ್ಲಿ ಒಂದು ಸೈಟು ಕೊಂಡರೆ ಅಡ್ವಾನ್ಸು, ಉಳಿದ ಹಣ ಎಲ್ಲವೂ ಆರ್‌ಟಿಜಿಎಸ್. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಮುಟ್ಟುವಂತಿಲ್ಲ ಅಂತ ಆದಾಯ ತೆರಿಗೆ ಕಾನೂನೇ ಹೇಳುತ್ತದೆ. ಹಾಗಾಗಿ ಯಾವ ದಿನ, ಯಾವ ಯುಟಿಆರ್ (ಆ ವ್ಯವಹಾರದ ಗುರುತಿನ) ನಂಬರಿನಲ್ಲಿ ದುಡ್ಡು ಸಂದಾಯ ಆಯಿತು ಅನ್ನೋದನ್ನು ಕ್ರಯಪತ್ರದಲ್ಲೇ ಬರೆಸುತ್ತಾರೆ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹೊರರಾಜ್ಯದ ವ್ಯಾಪಾರಿ ದುಡ್ಡು ಹಾಕಿದಾಗಲೂ ಕೇಳುವ ಮೊದಲ ಮಾತು ಅದೇ: ಯುಟಿಆರ್ ಕಳಿಸಿ. ಕಬ್ಬಿನ ಬಿಲ್ಲು ರೈತರ ಅಕೌಂಟಿಗೇ ಬರುತ್ತದೆ. ಪಿಜಿ ಬಾಡಿಗೆ, ಕಾಲೇಜು ಫೀಸು, ಮದುವೆ ಛತ್ರದ ಮುಂಗಡ, ಎಲ್ಲಕ್ಕೂ ಈಗ ಅಕೌಂಟ್ ನಂಬರೇ ಬೇಕು.

ದುಡ್ಡು ಹೇಗೆ ಹೋಗುತ್ತದೆ

ದೇಶದ ಒಳಗೆ ದುಡ್ಡು ಹೋಗುವ ದಾರಿಗಳನ್ನು ಸ್ವಲ್ಪ ತಿಳಿದಿದ್ದರೆ ತಪ್ಪು ಆಗುವುದು ಎಲ್ಲಿ ಅನ್ನೋದೂ ಗೊತ್ತಾಗುತ್ತದೆ.

ಆರ್‌ಟಿಜಿಎಸ್ 2004ರಲ್ಲಿ ಬಂತು. ಕನಿಷ್ಠ 2 ಲಕ್ಷ ರೂಪಾಯಿ ಇರಬೇಕು. ಒಂದೊಂದು ವ್ಯವಹಾರವೂ ಆಗಿಂದಾಗ್ಗೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಇತ್ಯರ್ಥವಾಗುತ್ತದೆ. ನೆಫ್ಟ್ 2005ರದ್ದು. ಇದರಲ್ಲಿ ದುಡ್ಡು ಒಂದೊಂದಾಗಿ ಹೋಗುವುದಿಲ್ಲ. ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಕಂತುಗಳಲ್ಲಿ ಲೆಕ್ಕ ಹಾಕುತ್ತಾರೆ. 2010ರಲ್ಲಿ ಬಂದ ಐಎಂಪಿಎಸ್ ಮೊಬೈಲಿನಲ್ಲಿ ತಕ್ಷಣ ಕಳಿಸುವ ದಾರಿ, 5 ಲಕ್ಷದವರೆಗೆ. ಮೊದಲು ನೆಫ್ಟ್, ಆರ್‌ಟಿಜಿಎಸ್ ಎರಡಕ್ಕೂ ಬ್ಯಾಂಕಿನ ವೇಳೆ, ಭಾನುವಾರದ ರಜೆ ಎಲ್ಲ ಇತ್ತು. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ವರ್ಷವಿಡೀ ಹಗಲು ರಾತ್ರಿ ನಡೆಯುತ್ತಿವೆ.

ಇಷ್ಟು ವೇಗ ಬಂದದ್ದೇ ಮಧ್ಯದಲ್ಲಿ ಮನುಷ್ಯರು ಇಲ್ಲದೆ ಇರುವುದರಿಂದ. ದುಡ್ಡು ಬಂದ ಬ್ಯಾಂಕಿನಲ್ಲಿ ಯಾರೂ ಕೂತು ಹೆಸರು ತಾಳೆ ನೋಡುವುದಿಲ್ಲ. ನಂಬರ್ ಇದೆಯಾ, ಅಕೌಂಟ್ ಚಾಲ್ತಿಯಲ್ಲಿದೆಯಾ ಅಂತ ಕಂಪ್ಯೂಟರ್ ನೋಡುತ್ತದೆ. ಇದ್ದರೆ ಜಮಾ.

ಇಲ್ಲಿ ಎರಡು ಥರ ಆಗಬಹುದು. ನೀವು ಬರೆದ ತಪ್ಪು ನಂಬರಿನ ಅಕೌಂಟೇ ಇಲ್ಲದಿದ್ದರೆ ಚಿಂತೆ ಇಲ್ಲ. ನೆಫ್ಟ್‌ನಲ್ಲಾದರೆ ಆ ಕಂತು ಮುಗಿದ ಎರಡು ಗಂಟೆಯೊಳಗೆ, ಆರ್‌ಟಿಜಿಎಸ್‌ನಲ್ಲಾದರೆ ಸುಮಾರು ಒಂದು ಗಂಟೆಯೊಳಗೆ ದುಡ್ಡು ವಾಪಸ್ ಕಳಿಸಬೇಕು. ತಡ ಮಾಡಿದರೆ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಇನ್ನೂ ಶೇ. 2 ಕೂಡಿಸಿ ಆ ದರದಲ್ಲಿ ಬಡ್ಡಿ ಕೊಡಬೇಕು, ಅದೂ ಗ್ರಾಹಕರು ಕೇಳದೆಯೇ. ಆ ತಪ್ಪು ನಂಬರಿನಲ್ಲಿ ಬೇರೆ ಯಾರದ್ದೋ ಅಕೌಂಟ್ ಇದ್ದರೆ ಮಾತ್ರ ಕಷ್ಟ. ಬ್ಯಾಂಕಿನ ಲೆಕ್ಕದಲ್ಲಿ ಆ ವ್ಯವಹಾರ ಸರಿಯಾಗಿ ಮುಗಿದಿದೆ.

ಒಂದು ಅಂಕಿ ತಪ್ಪಿದರೆ ಗೊತ್ತಾಗಬೇಕಲ್ವಾ ಅಂತ ಕೇಳಬಹುದು. ಯುರೋಪಿನಲ್ಲಿ ಬಳಸುವ ಐಬ್ಯಾನ್ ಅನ್ನುವ ಅಕೌಂಟ್ ನಂಬರಿನಲ್ಲಿ ಗೊತ್ತಾಗುತ್ತದೆ. ದೇಶದ ಎರಡಕ್ಷರದ ಪಕ್ಕದಲ್ಲೇ ಇರುವ ಎರಡು ಅಂಕಿಗಳು ಇಡೀ ನಂಬರಿನ ಲೆಕ್ಕ ಹಾಕಿ ಬಂದವು. ನಡುವೆ ಒಂದು ಅಂಕಿ ಬದಲಾದರೂ ಲೆಕ್ಕ ಕೂಡುವುದಿಲ್ಲ, ಕಂಪ್ಯೂಟರ್ ಅಲ್ಲೇ ನಿಲ್ಲಿಸುತ್ತದೆ. ನಮ್ಮಲ್ಲಿ ಎಲ್ಲ ಬ್ಯಾಂಕಿಗೂ ಒಂದೇ ಅಳತೆಯ ನಂಬರ್ ಇಲ್ಲ. ಸ್ಟೇಟ್ ಬ್ಯಾಂಕಿನದ್ದು 11 ಅಂಕಿ, ಬ್ಯಾಂಕ್ ಆಫ್ ಬರೋಡಾದ್ದು 14, ಕರ್ನಾಟಕ ಬ್ಯಾಂಕಿನದ್ದು 16. ಸೊನ್ನೆಗಳು ಸಾಲಾಗಿ ಬರುವ ನಂಬರಿನಲ್ಲಿ ಒಂದು ಸೊನ್ನೆ ಬಿಟ್ಟು ಬರೆಯುವುದು ದೊಡ್ಡ ಮಾತಲ್ಲ.

ಐಎಫ್‌ಎಸ್‌ಸಿ ಕೋಡಿನ ಗೊಂದಲ ಬೇರೆಯದೇ. 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆ. ಆ ಐದನೆಯದನ್ನು ಇಂಗ್ಲಿಷಿನ 'ಓ' ಅಂತ ಬರೆಯುವವರು ಈಗಲೂ ಇದ್ದಾರೆ. ನಮ್ಮ ಭಾಗದಲ್ಲಿ ಬ್ಯಾಂಕ್ ವಿಲೀನಗಳಿಂದ ಈ ಕೋಡ್ ಬಹಳ ಸಲ ಬದಲಾಗಿದೆ. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಮೈಸೂರಿನಲ್ಲೇ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕು ಕೂಡ ಈಗ ಆ ಹೆಸರಿನಲ್ಲಿ ಇಲ್ಲ. ಹಳೇ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ತೆಗೆದು ಕಳಿಸುವವರು ಇದನ್ನು ನೆನಪಿಡಬೇಕು. ಹಳೇ ಕೋಡಿಗೆ ಹಾಕಿದ ದುಡ್ಡು ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ, ವಾಪಸ್ ಬರುತ್ತದೆ. ಆದರೆ ರಿಜಿಸ್ಟ್ರೇಷನ್ ದಿನ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಎರಡೂ ಕಡೆಯವರು ಕೂತಿರುವಾಗ ಹಾಗಾದರೆ ಇಡೀ ದಿನ ಹಾಳು.

ಏಪ್ರಿಲ್ 2025ರಿಂದ ಬದಲಾದದ್ದು

2024ರ ಡಿಸೆಂಬರ್ 30ರಂದು ರಿಸರ್ವ್ ಬ್ಯಾಂಕ್ ಇನ್ನೊಂದು ಸುತ್ತೋಲೆ ಹೊರಡಿಸಿತು. ನೆಫ್ಟ್, ಆರ್‌ಟಿಜಿಎಸ್ ಮಾಡುವ ಮುಂಚೆಯೇ ದುಡ್ಡು ಪಡೆಯುವವರ ಹೆಸರು ನೋಡಿಕೊಳ್ಳುವ ಸೌಲಭ್ಯವನ್ನು 2025ರ ಏಪ್ರಿಲ್ 1ರ ಒಳಗೆ ಎಲ್ಲ ಬ್ಯಾಂಕುಗಳೂ ಕೊಡಬೇಕು ಅಂತ. ಯುಪಿಐ, ಐಎಂಪಿಎಸ್‌ನಲ್ಲಿ ಇದು ಮೊದಲೇ ಇತ್ತು. ದೊಡ್ಡ ಮೊತ್ತ ಹೋಗುವ ದಾರಿಗೇ ಇರಲಿಲ್ಲ. ಹತ್ತು ರೂಪಾಯಿ ಕಾಫಿಗೆ ಸ್ಕ್ಯಾನ್ ಮಾಡಿದರೆ ಅಂಗಡಿಯವರ ಹೆಸರು ಬರುತ್ತಿತ್ತು, ಮೂವತ್ತು ಲಕ್ಷದ ಸೈಟಿಗೆ ಆರ್‌ಟಿಜಿಎಸ್ ಮಾಡಿದರೆ ಬರುತ್ತಿರಲಿಲ್ಲ.

ಈಗ ಅಕೌಂಟ್ ನಂಬರ್, ಐಎಫ್‌ಎಸ್‌ಸಿ ಕೊಟ್ಟರೆ ಆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ಪರದೆ ಮೇಲೆ ಬರುತ್ತದೆ. ಇದಕ್ಕೆ ಶುಲ್ಕ ಇಲ್ಲ. ಮೊಬೈಲಿನಲ್ಲಿ ಕಳಿಸುವವರಿಗಷ್ಟೇ ಅಲ್ಲ, ಶಾಖೆಗೆ ಬಂದು ಕಳಿಸುವವರಿಗೂ ಕೊಡಬೇಕು ಅಂತ ಸುತ್ತೋಲೆಯಲ್ಲಿ ಸ್ಪಷ್ಟವಾಗಿದೆ. ನನ್ನ ಮಟ್ಟಿಗೆ ಈ ಸುತ್ತೋಲೆಯ ಜೀವ ಇರುವುದು ಆ ಒಂದು ಸಾಲಿನಲ್ಲಿ. ಮೊಬೈಲಿನಲ್ಲಿ ಕಳಿಸುವ ಹುಡುಗರು ಮೊದಲು ಒಂದು ರೂಪಾಯಿ ಕಳಿಸಿ ನೋಡುತ್ತಾರೆ, ಸ್ಕ್ರೀನ್‌ಶಾಟ್ ತರಿಸಿಕೊಳ್ಳುತ್ತಾರೆ. ಚಲನ್ ಬರೆದು, ಚೆಕ್ಕು ಜೋಡಿಸಿ ಕೌಂಟರಿಗೆ ಕೊಡುವವರು ಬಹುಪಾಲು ವಯಸ್ಸಾದವರು, ಹಳ್ಳಿಯಿಂದ ಬಂದವರು. ಮಗಳ ಮದುವೆ, ಸೈಟು, ಆಪರೇಷನ್ನು ಅಂತ ಜೀವಮಾನದ ದೊಡ್ಡ ಮೊತ್ತಗಳು ಅವರ ಕೈಯಲ್ಲೇ ಇರುವುದು. ಈ ಸೌಲಭ್ಯ ಜಾಸ್ತಿ ಬೇಕಾಗಿರುವುದೂ ಅವರಿಗೇ.

ಕೌಂಟರಿನಲ್ಲಿ ನಡೆಯುವುದನ್ನು ನೋಡಿ. ಯಜಮಾನರು ಚಲನ್ ಒಳಗೆ ಕೊಡುತ್ತಾರೆ. ಒಳಗಿರುವವರು ನಂಬರ್ ಟೈಪ್ ಮಾಡುತ್ತಾರೆ. ಹೆಸರು ಬರುವುದು ಅವರ ಪರದೆಯಲ್ಲಿ, ಅದೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಗಾಜಿನ ಈಚೆ ನಿಂತವರಿಗೆ ಕಾಣುವುದು ಕಂಪ್ಯೂಟರಿನ ಬೆನ್ನು. "ಯಜಮಾನ್ರೇ, ಹೆಸರು ಇಂಥದ್ದು ತೋರಿಸ್ತಿದೆ, ಇವರೇನಾ?" ಅಂತ ಒಂದು ಮಾತು ಕೇಳಿದರೆ ಸಾಕು. ಹಿಂದೆ ಇಪ್ಪತ್ತು ಜನ ನಿಂತಿರುವಾಗ, ಒಬ್ಬರೇ ಎರಡು ಕೌಂಟರ್ ನೋಡಿಕೊಳ್ಳುತ್ತಿರುವಾಗ ಆ ಒಂದು ಮಾತಿಗೂ ಪುರುಸೊತ್ತು ಸಿಗುವುದಿಲ್ಲ. ಸಿಬ್ಬಂದಿಯನ್ನು ಬೈದು ಪ್ರಯೋಜನವಿಲ್ಲ. ಕೇಳುವುದನ್ನು ಕಡ್ಡಾಯದ ಹೆಜ್ಜೆ ಮಾಡಬೇಕಾದವರು ಮೇಲಿನವರು.

ಹೆಸರು ಕಂಡ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಇಂಗ್ಲೆಂಡಿನಲ್ಲಿ 2020ರಿಂದ ಇರುವ ವ್ಯವಸ್ಥೆಯಲ್ಲಿ ಕಳಿಸುವವರು ಹೆಸರನ್ನೂ ಬರೆಯಬೇಕು. ಹೆಸರು ಕೂಡುತ್ತದೆ, ಹತ್ತಿರ ಇದೆ, ಕೂಡುವುದಿಲ್ಲ ಅಂತ ಬ್ಯಾಂಕೇ ತಾಳೆ ನೋಡಿ ಹೇಳುತ್ತದೆ. ಅಂಥದ್ದೇ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಯೂರೋ ಬಳಸುವ ದೇಶಗಳಲ್ಲೂ ಕಡ್ಡಾಯವಾಗಿದೆ. ನಮ್ಮಲ್ಲಿ ಹೆಸರು ತೋರಿಸುತ್ತಾರೆ ಅಷ್ಟೇ, ತಾಳೆ ನೋಡುವ ಕೆಲಸ ನಮ್ಮದು. ಯಾವುದೋ ಕಾರಣಕ್ಕೆ ಹೆಸರು ಬರದಿದ್ದರೆ, ಮುಂದುವರಿಯುವುದು ಬಿಡುವುದು ಕಳಿಸುವವರಿಗೆ ಬಿಟ್ಟದ್ದು.

ಮೈಸೂರು ಸೀಮೆಯಲ್ಲಿ ಈ ತಾಳೆ ನೋಡುವ ಕೆಲಸ ಸುಲಭವಲ್ಲ. ಊರಲ್ಲಿ ಕರೆಯುವ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಮಂಜುನಾಥ ಅನ್ನುವ ಹೆಸರಿಗೆ ಇಂಗ್ಲಿಷಿನಲ್ಲಿ ಕೊನೆಗೆ 'ಎ' ಇರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಗೌಡ ಅನ್ನೋದನ್ನು ಕೆಲವರು ಸೇರಿಸಿ ಬರೆಸಿದ್ದರೆ ಕೆಲವರು ಬಿಡಿಸಿ ಬರೆಸಿದ್ದಾರೆ. ಇನಿಷಿಯಲ್ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ. ಅಂಗಡಿ ಮಾಲೀಕರ ಹೆಸರು ಕೇಳಿ ಹೋದರೆ ಪರದೆಯಲ್ಲಿ 'ಶ್ರೀ ಚಾಮುಂಡೇಶ್ವರಿ ಟ್ರೇಡರ್ಸ್' ಅಂತ ಬರಬಹುದು. ಹಾಗಾಗಿ ಹೆಸರು ಸ್ವಲ್ಪ ಬೇರೆ ಇದ್ದರೂ "ಇರಲಿ ಬಿಡಿ, ಅವರೇ ಇರಬೇಕು" ಅಂತ ಮುಂದುವರಿಯುವುದು ನಮಗೆ ರೂಢಿ. ಮೋಸಗಾರರಿಗೆ ಬೇಕಾಗಿರುವುದೂ ಅದೇ. ವ್ಯಾಪಾರದಲ್ಲಿ ಹೆಚ್ಚಾಗಿ ನಡೆಯುವ ಒಂದು ಮೋಸ ಹೀಗಿರುತ್ತದೆ: ಮಾಲು ಕೊಡುವವರ ಇಮೇಲ್ ಅಥವಾ ವಾಟ್ಸಾಪ್ ಹೆಸರಿನಲ್ಲೇ ಒಂದು ಸಂದೇಶ ಬರುತ್ತದೆ, "ನಮ್ಮ ಅಕೌಂಟ್ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ." ಅಕೌಂಟ್ ಇರುವುದು ಯಾರೋ ಮೂರನೆಯವರ ಹೆಸರಿನಲ್ಲಿ. ಹೆಸರು ಕಂಡಾಗ ನಿಂತು, ಹಳೇ ನಂಬರಿಗೇ ಫೋನ್ ಮಾಡಿ ಕೇಳಿದವರು ಉಳಿದುಕೊಳ್ಳುತ್ತಾರೆ. ಸಂದೇಶದಲ್ಲೇ ಕೊಟ್ಟಿರುವ ಹೊಸ ನಂಬರಿಗೆ ಫೋನ್ ಮಾಡಿದರೆ ಮೋಸಗಾರರೇ "ಹೌದು, ನಮ್ಮದೇ" ಅನ್ನುತ್ತಾರೆ.

ಪಡೆಯುವವರ ಕಡೆ

ಪಡೆಯುವವರೂ ಎಚ್ಚರ ಇರಬೇಕಾದ ಜಾಗಗಳಿವೆ. ಯುಟಿಆರ್ ನಂಬರ್ ಕೈಗೆ ಬಂದರೆ ದುಡ್ಡು ಬಂತು ಅಂತ ಅರ್ಥವಲ್ಲ. ಅದು ವ್ಯವಹಾರದ ಗುರುತಿನ ನಂಬರ್ ಮಾತ್ರ. ಆರ್‌ಟಿಜಿಎಸ್‌ಗೆ 22, ನೆಫ್ಟ್‌ಗೆ 16 ಅಕ್ಷರ ಇರುತ್ತದೆ. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಯಾರು ಮಾಡಬಹುದು, ಎಸ್‌ಎಂಎಸ್ ಕೂಡ ಬ್ಯಾಂಕಿನದ್ದೇ ಅನ್ನುವ ಹಾಗೆ ಬರೆದು ಕಳಿಸಬಹುದು. ಲಾರಿಗೆ ಬೆಲ್ಲ ತುಂಬಿಸುವ ಮುಂಚೆ ನಿಮ್ಮದೇ ಬ್ಯಾಂಕ್ ಆ್ಯಪಿನಲ್ಲಿ ಬ್ಯಾಲೆನ್ಸ್ ನೋಡಿ, ಇಲ್ಲವೇ ಪಾಸ್‌ಬುಕ್ ಎಂಟ್ರಿ ಹಾಕಿಸಿ.

ಗೊತ್ತಿಲ್ಲದವರ ದುಡ್ಡು ನಿಮ್ಮ ಅಕೌಂಟಿಗೆ ಬಂದು ಬಿದ್ದರೆ ಖರ್ಚು ಮಾಡಬೇಡಿ. ಫೋನ್ ಮಾಡಿ "ತಪ್ಪಾಗಿ ಹಾಕಿದ್ದೇನೆ, ಈ ನಂಬರಿಗೆ ವಾಪಸ್ ಹಾಕಿ" ಅಂದವರಿಗೆ ನೀವೇ ಕಳಿಸಲೂ ಬೇಡಿ. ಶಾಖೆಗೆ ಹೋಗಿ ಬರೆದುಕೊಡಿ, ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಅದು ಬೇರೆ ಕಡೆ ಕದ್ದ ದುಡ್ಡಾಗಿದ್ದರೆ, ನಡುವೆ ದಾಟಿಸಿದವರ ಅಕೌಂಟನ್ನೂ ಪೊಲೀಸರು ತಡೆಹಿಡಿಸುತ್ತಾರೆ.

ಇನ್ನು ಸರ್ಕಾರದಿಂದ ಬರುವ ದುಡ್ಡಿಗೆ ದಾರಿಯೇ ಬೇರೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಸಿಕ್ಕ ಗೃಹಲಕ್ಷ್ಮಿಯ 2,000 ರೂಪಾಯಿ ಆಧಾರ್ ನೋಡಿ ಬರುತ್ತದೆ. ಕೊನೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ. ಮಹಿಳಾ ಸಂಘದ ಸಾಲಕ್ಕೋ ಇನ್ನೊಂದಕ್ಕೋ ಅಂತ ತೆರೆದು ಮರೆತ ಅಕೌಂಟಿಗೆ ತಿಂಗಳುಗಟ್ಟಲೆ ದುಡ್ಡು ಬೀಳುತ್ತಿದ್ದರೂ "ಬಂದಿಲ್ಲ" ಅಂತ ಅಲೆಯುವವರು ಇದ್ದಾರೆ. ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಿಸಬೇಕು.

ಹೊರದೇಶದ ದುಡ್ಡು

ಮೈಸೂರಿನ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಅಲ್ಲಿಂದ ಬರುವ ದುಡ್ಡು ಸಾಮಾನ್ಯವಾಗಿ ಸ್ವಿಫ್ಟ್ ದಾರಿಯಲ್ಲಿ ಬರುತ್ತದೆ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಈ ಸಂಸ್ಥೆ ದುಡ್ಡು ಸಾಗಿಸುವುದಿಲ್ಲ, ಬ್ಯಾಂಕಿನಿಂದ ಬ್ಯಾಂಕಿಗೆ ಸಂದೇಶ ಸಾಗಿಸುತ್ತದೆ. ಎರಡು ಬ್ಯಾಂಕಿಗೂ ಪರಸ್ಪರ ಅಕೌಂಟ್ ಇಲ್ಲದಿದ್ದರೆ ಮಧ್ಯೆ ಇನ್ನೊಂದು ಬ್ಯಾಂಕು ಬರುತ್ತದೆ. ಅದು ತನ್ನ ಶುಲ್ಕವನ್ನು ಆ ಮೊತ್ತದಲ್ಲೇ ಹಿಡಿದುಕೊಳ್ಳಬಹುದು. ಮಗ ಕಳಿಸಿದ್ದು 1,000 ಡಾಲರ್, ಇಲ್ಲಿ ಬಂದದ್ದು ಕಡಿಮೆ ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಜೊತೆಗೆ ಡಾಲರನ್ನು ರೂಪಾಯಿ ಮಾಡುವಾಗ ಬ್ಯಾಂಕು ಕೊಡುವ ದರ ಪೇಪರಿನಲ್ಲಿ ಬಂದ ದರಕ್ಕಿಂತ ಕಡಿಮೆ ಇರುತ್ತದೆ. ಶುಲ್ಕಕ್ಕಿಂತ ಈ ವ್ಯತ್ಯಾಸವೇ ಎಷ್ಟೋ ಸಲ ದೊಡ್ಡದು. ದುಡ್ಡು ಬಂದೇ ಇಲ್ಲ ಅಂದರೆ ಕಳಿಸಿದ ಬ್ಯಾಂಕಿನಿಂದ 36 ಅಕ್ಷರಗಳ ಯುಇಟಿಆರ್ ನಂಬರ್ ಕೇಳಿ ತರಿಸಿಕೊಳ್ಳಿ. ಎಲ್ಲಿ ನಿಂತಿದೆ ಅನ್ನೋದನ್ನು ಅದರಿಂದ ಪತ್ತೆ ಮಾಡಬಹುದು.

ಎಷ್ಟೋ ಶಾಖೆಗಳಿಗೆ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ವಿದೇಶಿ ವಿನಿಮಯ ನೋಡುವ ದೊಡ್ಡ ಶಾಖೆಯ ಕೋಡ್ ಕೊಡಬೇಕಾಗುತ್ತದೆ. ಸುಮ್ನೆ ಗೂಗಲ್ ನೋಡಿ ಕೊಡಬೇಡಿ, ಶಾಖೆಯಲ್ಲಿ ಬರೆಸಿಕೊಳ್ಳಿ. ಇಲ್ಲಿಂದ ಹೊರಗೆ ಕಳಿಸುವುದಾದರೆ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ, ಪ್ಯಾನ್ ಬೇಕು, ಯಾವ ಉದ್ದೇಶಕ್ಕೆ ಅನ್ನುವ ಕೋಡ್ ಬರೆಯಬೇಕು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಟ್ಟುವ ಫೀಸಿಗೆ ಅದು ಇಲ್ಲ.

ತಪ್ಪಿ ಹೋದ ದುಡ್ಡು ಯಾರ ತಲೆಗೆ

ತಪ್ಪು ಅಕೌಂಟಿಗೆ ದುಡ್ಡು ಹೋದರೆ ಮೊದಲು ನಿಮ್ಮ ಬ್ಯಾಂಕಿಗೇ ಹೋಗಬೇಕು. ಯುಟಿಆರ್, ದಿನಾಂಕ, ಸರಿಯಾದ ನಂಬರ್, ತಪ್ಪಿದ ನಂಬರ್ ಎಲ್ಲ ಬರೆದು ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ ಬರೆಯುತ್ತದೆ, ಅವರು ಆ ಅಕೌಂಟಿನವರ ಒಪ್ಪಿಗೆ ಕೇಳುತ್ತಾರೆ. ಒಪ್ಪಿದರೆ ದುಡ್ಡು ಬರುತ್ತದೆ. ಒಪ್ಪದಿದ್ದರೂ ಕಾನೂನು ನಿಮ್ಮ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ತಪ್ಪಿನಿಂದ ದುಡ್ಡು ಪಡೆದವರು ಅದನ್ನು ಹಿಂದಿರುಗಿಸಲೇಬೇಕು. ಆದರೆ ಅದಕ್ಕೆ ಲಾಯರು, ಕೋರ್ಟು, ವರ್ಷಗಳು ಬೇಕು. ಮೋಸದಿಂದ ಹೋಗಿದ್ದರೆ ಅರ್ಜಿ ಬರೆಯುತ್ತಾ ಕೂರಬಾರದು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ದುಡ್ಡು ಮುಂದಿನ ಅಕೌಂಟಿಗೆ ದಾಟುವ ಮುಂಚೆ ತಡೆಯಲು ಇರುವ ದಾರಿ ಅದು. ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದರ ಸಹಾಯವಾಣಿ 14448.

ಇಲ್ಲಿ ಇಂಗ್ಲೆಂಡಿನ ಇನ್ನೊಂದು ನಿಯಮ ಗಮನಿಸಬೇಕು. ಮೋಸಗಾರರ ಮಾತು ನಂಬಿ ಗ್ರಾಹಕರೇ ದುಡ್ಡು ಕಳಿಸಿದ್ದರೂ 2024ರ ಅಕ್ಟೋಬರ್‌ನಿಂದ ಅಲ್ಲಿನ ಬ್ಯಾಂಕುಗಳು 85,000 ಪೌಂಡ್‌ವರೆಗೆ ತುಂಬಿಕೊಡಬೇಕು. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ಮೋಸಗಾರರ ಅಕೌಂಟ್ ತೆರೆದುಕೊಟ್ಟ ಬ್ಯಾಂಕಿಗೂ ಪಾಲು ಇದೆ ಅನ್ನುವುದು ಅದರ ತಿರುಳು. ನಮ್ಮಲ್ಲಿ ಗ್ರಾಹಕರು ತಾವೇ ಕಳಿಸಿದ್ದರೆ ಹೊಣೆ ಪೂರ್ತಿ ಅವರದ್ದೇ ಅನ್ನುವ ಹಾಗೆ ಇದೆ. ಹೆಸರು ತೋರಿಸುವ ಸೌಲಭ್ಯ ಬಂದ ಮೇಲೆ ಇದು ಇನ್ನೂ ಗಟ್ಟಿಯಾಗುವ ಭಯ ನನಗಿದೆ. "ಹೆಸರು ಕಂಡಿತ್ತಲ್ಲ, ನೀವೇ ಒಪ್ಪಿದಿರಿ" ಅಂತ ಬ್ಯಾಂಕು ಹೇಳಬಹುದು. ಕೌಂಟರಿನ ಈಚೆ ನಿಂತು ಹೆಸರನ್ನು ನೋಡದೆಯೇ ಇದ್ದವರಿಗೂ ಅದೇ ಮಾತು ಹೇಳಿದರೆ ಅದು ಅನ್ಯಾಯ.

ಅದಕ್ಕೇ ನಮ್ಮ ಶಾಖೆಗಳಲ್ಲಿ ಎರಡು ಬದಲಾವಣೆ ಆಗಬೇಕು. ಚಲನ್ ತೆಗೆದುಕೊಂಡವರು ಪರದೆಯಲ್ಲಿ ಬಂದ ಹೆಸರನ್ನು ಗ್ರಾಹಕರಿಗೆ ಓದಿ ಹೇಳಿ, ಹೌದು ಅನಿಸಿಕೊಂಡ ಮೇಲೆಯೇ ಮುಂದುವರಿಯಬೇಕು. ಸೀಲು ಹಾಕಿ ಕೊಡುವ ಅರ್ಧ ಚೀಟಿಯಲ್ಲಿ ಈಗ ಇರುವುದು ಗ್ರಾಹಕರೇ ಬರೆದ ಹೆಸರು. ಅದರ ಪಕ್ಕದಲ್ಲಿ ಬ್ಯಾಂಕಿನ ದಾಖಲೆ ತೋರಿಸಿದ ಹೆಸರನ್ನೂ ಬರೆಯಬೇಕು, ಆಗುವುದಾದರೆ ಕನ್ನಡದಲ್ಲಿ. ಹೊಸ ಯಂತ್ರ ಬೇಡ, ಹೊಸ ಕಾನೂನೂ ಬೇಡ. ಶಾಖೆಗೆ ಬಂದವರಿಗೂ ಹೆಸರು ತಿಳಿಯಬೇಕು ಅಂತ ಸುತ್ತೋಲೆ ಈಗಾಗಲೇ ಹೇಳಿದೆ. ನಿಮ್ಮ ಶಾಖೆಯಲ್ಲಿ ಕೇಳಿ ನೋಡಿ. ಇಲ್ಲ ಅಂದರೆ ಮ್ಯಾನೇಜರಿಗೆ ಬರೆದುಕೊಡಿ.